ಒದ್ದೆ ತರಗೆಲೆಗೆ 26 ಸಿಸಿ ಬ್ಲೋವರ್ ಸಾಲದು

ಅರ್ಧ ಎಕರೆ ಅಂಗಳದಲ್ಲಿ ಹಲಸಿನ ಒದ್ದೆ ಎಲೆ ನಿಮ್ಮ 26 ಸಿಸಿ ಬ್ಲೋವರ್‌ಗೆ (ಗಾಳಿ ಊದಿ ಎಲೆ ತಳ್ಳುವ ಯಂತ್ರ) ಜಪ್ಪಯ್ಯ ಅಂದರೂ ಏಳುತ್ತಿಲ್ಲ ಅಂದಿದ್ದೀರಿ. ಬಹುಶಃ ಎಂಜಿನ್ ಕೆಟ್ಟಿಲ್ಲ, ಗಾಳಿಯ ಪ್ರಮಾಣವೇ ಕಡಿಮೆ. ಆದರೂ ಹೊಸದಕ್ಕೆ ದುಡ್ಡು ಹಾಕುವ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಸೈಲೆನ್ಸರ್ ಬಾಯಲ್ಲಿ ಜಾಲರಿ ಇದ್ದರೆ ಅದನ್ನೂ. ಜಾಲರಿಗೆ ಮಸಿ ಕಟ್ಟಿದ್ದರೆ ತಂತಿ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಓಡಿಸಿ.

ಆಗಲೂ ಆಗದಿದ್ದರೆ ಬೆನ್ನಿಗೆ ಹಾಕಿಕೊಳ್ಳುವ 50ರಿಂದ 65 ಸಿಸಿಯದು ಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಗಾಳಿಯ ವೇಗಕ್ಕೆ ಮರುಳಾಗಬೇಡಿ. ಗಾಳಿ ಬರುವ ಕೊಳವೆಯ ಮೂತಿ ಕಿರಿದು ಮಾಡಿದರೆ ಯಾವ ಯಂತ್ರದಲ್ಲೂ ವೇಗ ಏರುತ್ತದೆ. ರಾಶಿಯನ್ನು ತಳ್ಳುವುದು ಗಾಳಿಯ ಪ್ರಮಾಣ. ಗಂಟೆಗೆ ಎಷ್ಟು ಘನ ಮೀಟರ್ ಎಂದು ಕೇಳಿ, 1000ಕ್ಕಿಂತ ಕೆಳಗಿನದು ಬೇಡ.

ತೂಕ 10 ಕೆಜಿ ಆಸುಪಾಸು ಇರುತ್ತದೆ, ಅಂಗಡಿಯಲ್ಲೇ ಬೆನ್ನಿಗೇರಿಸಿ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಐದು ನಿಮಿಷ ಓಡಿಸಿ, ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಹಗ್ಗ ಎಳೆಯಿರಿ. ಎರಡು ಮೂರು ಎಳೆತಕ್ಕೆ ಹಿಡಿಯದಿದ್ದರೆ ಬೇರೆ ನೋಡಿ. ಕಾರ್ಬುರೇಟರ್ ಡಯಾಫ್ರಾಂ (ಅದರೊಳಗಿನ ತೆಳು ಪೊರೆ), ಸ್ಟಾರ್ಟರ್ ಹಗ್ಗ ನಿಮ್ಮೂರಲ್ಲೇ ಸಿಗುತ್ತದೆಯೇ? ಅಗ್ಗದ ಯಂತ್ರಗಳು ಮೂಲೆ ಸೇರುವುದು ಇಂಥ ಬಿಡಿಭಾಗ ಸಿಗದೆ.

ಟೂ-ಸ್ಟ್ರೋಕ್ ಆದರೆ ಕೈಪಿಡಿಯಲ್ಲಿ 1:50 ಇದ್ದಲ್ಲಿ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್, 1:25 ಇದ್ದಲ್ಲಿ 40. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಅಡಿಕೆ ಸೋಗೆ ಮಾತ್ರ ಕೈಯಲ್ಲೇ ಎಳೆದು ಹಾಕಿ. ಉಳಿದದ್ದಕ್ಕೆ ಬಿಸಿಲೇರಿದ ಮೇಲೆ ಚಪ್ಪಟೆ ಮೂತಿ ಹಾಕಿ, ನೆಲಕ್ಕೆ ಒಂದು ಗೇಣು ಮೇಲೆ ಹಿಡಿಯಿರಿ. ಕಿವಿಗೆ ಇಯರ್‌ಮಫ್ ಇಲ್ಲದೆ ಶುರು ಮಾಡಬೇಡಿ.