ಸೀಸನ್ ಶುರುವಾಗುವ ಮುಂಚೆ ಬೇಸ್‌ಬಾಲ್ ತಂಡದ ‘ಡೆಪ್ತ್’ ಅಳೆಯೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೇಸ್‌ಬಾಲ್ ನೋಡೋದನ್ನು ಹೊಸದಾಗಿ ಶುರು ಮಾಡಿದ್ದೀರಿ. ಮಾರ್ಚ್ ಬಂದರೆ ಸಾಕು, ‘ಈ ತಂಡಕ್ಕೆ ಡೆಪ್ತ್ ಇದೆ, ಆ ತಂಡಕ್ಕೆ ಇಲ್ಲ’ ಅಂತ ಎಲ್ಲರೂ ಹೇಳ್ತಾರೆ. ಒಂದು ಆಟವೂ ಆಗದೆ ಅದು ಹೇಗೆ ಗೊತ್ತಾಗುತ್ತೆ?

ನನಗೆ ಇದನ್ನು ಅರ್ಥ ಮಾಡಿಸಿದ್ದು ನಮ್ಮಮ್ಮ. ಅವರಿಗೆ ಬೇಸ್‌ಬಾಲ್‌ನ ಗಂಧಗಾಳಿ ಇಲ್ಲ.

2024ರ ಮೇ 12, ಭಾನುವಾರ. ಅಮ್ಮ ಮೈಸೂರಿನಿಂದ ಬಂದಿದ್ದರು, ಇಲ್ಲಿ ಅವತ್ತು ಮದರ್ಸ್ ಡೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್‌ಗೆ ಜೈಂಟ್ಸ್ ಆಟ ತೋರಿಸಲು ಕರೆದುಕೊಂಡು ಹೋಗಿದ್ದೆ. ಎದುರಾಳಿ ಸಿನ್ಸಿನಾಟಿ ರೆಡ್ಸ್. ಇನ್ನೂ ಮೊದಲನೇ ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಒಂದು ಆಟಕ್ಕೆ ಒಂಬತ್ತು, ಸಮ ಆದರೆ ಇನ್ನೂ ಜಾಸ್ತಿ). ಜೈಮರ್ ಕ್ಯಾಂಡೆಲಾರಿಯೊ ಹೊಡೆದ ಚೆಂಡು ಸೆಂಟರ್ ಫೀಲ್ಡ್, ಅಂದರೆ ಮೈದಾನದ ಹಿಂಭಾಗದ ನಡುವಿನ ಗೋಡೆ ಕಡೆ ಹಾರಿತು. ನಮ್ಮ ಜಂಗ್ ಹೂ ಲೀ ಹಿಂದಕ್ಕೆ ಓಡಿ ಹಾರಿದ. ಎಡ ಭುಜ ಗೋಡೆಗೆ ಬಡಿಯಿತು. ಎದ್ದೇಳಲಿಲ್ಲ. ಕೊರಿಯಾದಿಂದ 6 ವರ್ಷಕ್ಕೆ 11.3 ಕೋಟಿ ಡಾಲರ್ ಕೊಟ್ಟು ಕರೆತಂದ ಆಟಗಾರ, 37ನೇ ಆಟಕ್ಕೇ ಅವನ ವರ್ಷ ಮುಗಿದುಹೋಯಿತು.

ಸುತ್ತಲೂ ಎಲ್ಲರೂ ತೆಪ್ಪಗಾಗಿದ್ದರು. ಅಮ್ಮ ಕೋಡುಬಳೆ ಡಬ್ಬಿ ಮುಚ್ಚುತ್ತಾ ಕೇಳಿದರು, “ಅಯ್ಯೋ ಪಾಪ. ಅವನ ಜಾಗಕ್ಕೆ ಈಗ ಯಾರು?” ಹೇಳಿದೆ. “ಅವನಿಗೂ ಏನಾದ್ರೂ ಆದ್ರೆ?” ನಾನು ಜೇಬಿನಿಂದ ಫೋನ್ ತೆಗೆದೆ. ಗೊತ್ತಿರಲಿಲ್ಲ.

ಡೆಪ್ತ್ ನೋಡೋದು ಅಂದರೆ ಆ ಎರಡನೇ ಪ್ರಶ್ನೆಯನ್ನು ಮಾರ್ಚ್‌ನಲ್ಲೇ ಕೇಳಿಕೊಳ್ಳೋದು. ಮೊದಲನೇ ಪ್ರಶ್ನೆಗೆ ಎಲ್ಲ ತಂಡಗಳ ಹತ್ತಿರವೂ ಉತ್ತರ ಇರುತ್ತೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗೋದಿಲ್ಲ. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಇಲ್ಲಿ ಆರು ತಿಂಗಳಲ್ಲಿ 162. ಹೆಚ್ಚುಕಮ್ಮಿ ದಿನಾ ಆಟ. ಮುಖ್ಯ ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, 13ಕ್ಕಿಂತ ಜಾಸ್ತಿ ಇರುವಂತಿಲ್ಲ. ಉಳಿದ 13ರಲ್ಲಿ 9 ಜನ ಆಡುತ್ತಿರುತ್ತಾರೆ. ಬೆಂಚಿನಲ್ಲಿ ಉಳಿದವರು ನಾಲ್ಕು. ಅವರಲ್ಲಿ ಒಬ್ಬ ಎರಡನೇ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರದವನು), ಅವನನ್ನು ಮ್ಯಾನೇಜರ್ ಸುಲಭಕ್ಕೆ ಮುಟ್ಟೋದಿಲ್ಲ. ಅಂದರೆ ಕೈಗೆ ಸಿಗುವವರು ಮೂರೇ ಜನ. ಹಾಗಾಗಿ ನಿಜವಾದ ಡೆಪ್ತ್ ಬೆಂಚಿನ ಮೇಲೆ ಇರೋದಿಲ್ಲ, ಬೇರೆ ಊರಿನಲ್ಲಿ ಇರುತ್ತೆ. ಜೈಂಟ್ಸ್‌ಗೆ ಅದು ಸ್ಯಾಕ್ರಮೆಂಟೊ, ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡ ಇರುವ ಊರು.

ಲೀ ಬಿದ್ದ ಮೇಲೆ ಆಗಿದ್ದೂ ಅದೇ. ಆ ಸೀಸನ್ನಿನ ಶುರುವಿನಲ್ಲಿ ಸ್ಯಾಕ್ರಮೆಂಟೊದಲ್ಲಿದ್ದ ಲೂಯಿಸ್ ಮಾಟೋಸ್ ಬಂದ, ಆ ವಾರವೇ ನ್ಯಾಷನಲ್ ಲೀಗ್‌ನ (ಇಲ್ಲಿನ ಎರಡು ಲೀಗ್‌ಗಳಲ್ಲಿ ನಮ್ಮದು) ವಾರದ ಆಟಗಾರ ಅನ್ನಿಸಿಕೊಂಡ. ಆಮೇಲೆ ಬ್ಯಾಟ್ ತಣ್ಣಗಾಯಿತು, ವಾಪಸ್ ಕಳಿಸಿದರು. ಅದೇ ಮೇ ತಿಂಗಳಲ್ಲಿ ಅಲ್ಲಿಂದಲೇ ಬಂದಿದ್ದ ಹೇಲಿಯಟ್ ರಾಮೋಸ್ ಮಾತ್ರ ನಿಂತ. ಜುಲೈಯಲ್ಲಿ ಆ ವರ್ಷದ ಅತ್ಯುತ್ತಮರು ಆಡುವ ಆಲ್-ಸ್ಟಾರ್ ಆಟಕ್ಕೇ ಹೋದ. ಅಮ್ಮನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಅವರು ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು.

ಆದರೂ ಆ ವರ್ಷ ನಾವು 80 ಗೆದ್ದು 82 ಸೋತೆವು. ಯಾಕೆ ಅಂತ ನೋಡಲು ಪಿಚಿಂಗ್ ಕಡೆ ಬರಬೇಕು. ನನ್ನ ಪ್ರಕಾರ ನಿಮ್ಮ ಸಮಯದ ಮುಕ್ಕಾಲು ಪಾಲು ಇಲ್ಲೇ ಹೋಗಬೇಕು.

ಆಟ ಶುರು ಮಾಡುವ ಪಿಚರ್‌ಗಳು, ಅಂದರೆ ಸ್ಟಾರ್ಟರ್‌ಗಳು, ತಂಡಕ್ಕೆ ಐದು ಜನ, ಸರದಿಯಂತೆ ಆಟಕ್ಕೊಬ್ಬರು. ಒಬ್ಬೊಬ್ಬರೂ 32 ಆಟ ಶುರು ಮಾಡಿದರೆ 160 ಆಯಿತು, ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು. ಕಾಗದದ ಮೇಲೆ ಅಷ್ಟೇ. 2003ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಇಡೀ ವರ್ಷ ಐದೇ ಐದು ಸ್ಟಾರ್ಟರ್‌ಗಳಲ್ಲಿ ಮುಗಿಸಿತು. ಈಗಲೂ ಜನ ಅದನ್ನು ಪವಾಡದ ಥರ ಹೇಳ್ತಾರೆ. (93 ಗೆದ್ದೂ ಅವರು ಪ್ಲೇಆಫ್‌ಗೆ ಹೋಗಲಿಲ್ಲ ಅನ್ನೋದು ಬೇರೆ ಮಾತು.) ಈಗ ಪಿಚರ್‌ಗಳು ಎಸೆಯುವ ವೇಗ ನೋಡಿದರೆ ಮೊಣಕೈ ಉಳಿಯೋದೇ ಕಷ್ಟ. ಹಾಗಾಗಿ ಮಾರ್ಚ್‌ನಲ್ಲಿ ಮೊದಲ ಐದು ಹೆಸರು ಓದಿ ಮುಗಿಸಬೇಡಿ, ಆರರಿಂದ ಒಂಬತ್ತರವರೆಗೆ ಯಾರು ಅಂತ ನೋಡಿ. ಆರನೆಯವನು ಏಪ್ರಿಲ್ ಮುಗಿಯೋದರೊಳಗೆ ಬೇಕಾಗ್ತಾನೆ ಅಂತಲೇ ಇಟ್ಟುಕೊಳ್ಳಿ.

ನಮ್ಮ 2024ರ ಮೊದಲ ಐದು ನೋಡಿ. ಲೋಗನ್ ವೆಬ್ ಬಂಡೆ, 2023ರಿಂದ 2025ರವರೆಗೆ ಮೂರು ವರ್ಷವೂ 200 ಇನ್ನಿಂಗ್ಸ್ ದಾಟಿದ. ಬ್ಲೇಕ್ ಸ್ನೆಲ್ ಸಹಿ ಹಾಕಿದ್ದೇ ಮಾರ್ಚ್ ನಡುವೆ, ತಯಾರಿ ಸಾಲದೆ ಏಪ್ರಿಲ್‌ನಲ್ಲೇ ಗಾಯಗೊಂಡ. ಕೈಲ್ ಹ್ಯಾರಿಸನ್, ಕೀಟನ್ ವಿನ್ ಇಬ್ಬರೂ ಹುಡುಗರು. ಜೋರ್ಡನ್ ಹಿಕ್ಸ್ ಅಲ್ಲಿಯವರೆಗೆ ಹೆಚ್ಚಾಗಿ ಒಂದೊಂದು ಇನ್ನಿಂಗ್ಸ್ ಎಸೆದವನು, ಅವನನ್ನು ಸ್ಟಾರ್ಟರ್ ಮಾಡಿದರು. ಬೇಸಿಗೆ ಹೊತ್ತಿಗೆ ಸುಸ್ತಾಗಿ ಬುಲ್‌ಪೆನ್‌ಗೆ, ಅಂದರೆ ಆಟದ ಮಧ್ಯೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪಿಗೆ, ಹೋದ. ಆರನೆಯವನಾಗಿ ಇರಬೇಕಾದವರು ನಮ್ಮಲ್ಲಿ ನಾಲ್ಕನೆಯವರೂ ಐದನೆಯವರೂ ಆಗಿದ್ದರು. ಅದು ಮಾರ್ಚ್‌ನಲ್ಲೇ ಕಾಣುತ್ತಿತ್ತು. ಅಭಿಮಾನಕ್ಕೆ ಕಣ್ಣು ಕಾಣೋದಿಲ್ಲ ನೋಡಿ.

ಅದೇ ವರ್ಷ ನಮ್ಮ ಬದ್ಧ ವೈರಿ, ಲಾಸ್ ಏಂಜಲೀಸ್‌ನ ಡಾಜರ್ಸ್ ಏನು ಮಾಡಿದರು? ಜೈಂಟ್ಸ್ ಅಭಿಮಾನಿಯ ಕೈಯಲ್ಲಿ ಇದನ್ನು ಬರೆಸ್ತಾ ಇದ್ದೀರಿ, ಇರಲಿ. ಅವರ ತಂಡದಲ್ಲಿ ಯಾವ ಪಿಚರ್ ಕೂಡ 150 ಇನ್ನಿಂಗ್ಸ್ ಮುಟ್ಟಲಿಲ್ಲ. ಆಟ ಶುರು ಮಾಡಿದವರೇ ಹನ್ನೆರಡಕ್ಕಿಂತ ಜಾಸ್ತಿ ಜನ. ಪ್ಲೇಆಫ್ ಹೊತ್ತಿಗೆ ನೆಟ್ಟಗಿದ್ದ ಸ್ಟಾರ್ಟರ್‌ಗಳು ಮೂರೇ. ಆದರೂ 98 ಗೆದ್ದರು, ವರ್ಲ್ಡ್ ಸೀರೀಸನ್ನೂ, ಅಂದರೆ ಫೈನಲ್ ಸರಣಿಯನ್ನೂ, ಗೆದ್ದರು. ದುಡ್ಡಿದೆ ಅಂತ ಬೈಯುತ್ತೇವೆ, ದುಡ್ಡು ಇರೋದೂ ನಿಜ. ಆದರೆ ಗಾಯದ ಲಿಸ್ಟ್ ಅಷ್ಟುದ್ದ ಇದ್ದಾಗ ಆಡಿದವರಲ್ಲಿ ಎಷ್ಟೋ ಜನ ಕಡಿಮೆ ಸಂಬಳದ ಹುಡುಗರು.

ಇನ್ನು ಹೊಸಬರು ಯಾವಾಗಲೂ ಬಿಟ್ಟುಬಿಡುವ ವಿಷಯ: ‘ಆಪ್ಷನ್’. ಮುಖ್ಯ 26ರ ಹಿಂದೆ 40 ಜನರ ಪಟ್ಟಿ ಇರುತ್ತೆ. ಆ 40ರಲ್ಲಿರುವ ಆಟಗಾರನನ್ನು ಕೆಳಗಿನ ತಂಡಕ್ಕೆ ಕಳಿಸಿ ಮತ್ತೆ ಕರೆಸಿಕೊಳ್ಳಲು ತಂಡಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಅವಕಾಶ, ಒಂದು ವರ್ಷದಲ್ಲಿ ಐದೇ ಸಲ. ಅದು ಮುಗಿದರೆ ಅವನನ್ನು ಕೆಳಗೆ ಕಳಿಸುವ ಮುಂಚೆ ಬೇರೆ ಎಲ್ಲ ತಂಡಗಳಿಗೂ ‘ಬೇಕಾ?’ ಅಂತ ಕೇಳಬೇಕು. ಯಾರಾದರೂ ಎತ್ತಿಕೊಂಡರೆ ಮುಗೀತು. ಈಗ ಎರಡು ತಂಡ ಯೋಚಿಸಿ. ಎರಡರಲ್ಲೂ ಎಂಟು ಸ್ಟಾರ್ಟರ್‌ಗಳು. ಒಂದರಲ್ಲಿ ಆರು, ಏಳು, ಎಂಟನೆಯವರಿಗೆ ಆಪ್ಷನ್ ಇದೆ. ಅವರು ಕೆಳಗೆ ವಾರವಾರ ಎಸೆಯುತ್ತಾ ತಯಾರಾಗಿರುತ್ತಾರೆ. ಇನ್ನೊಂದರಲ್ಲಿ ಇಲ್ಲ. ಆ ಮೂವರನ್ನು ಸುಮ್ನೆ ಬುಲ್‌ಪೆನ್‌ನಲ್ಲಿ ಕೂರಿಸಬೇಕು, ಇಲ್ಲ ಕಳೆದುಕೊಳ್ಳಬೇಕು. ಹೆಸರು ನೋಡಿದರೆ ಎರಡೂ ಒಂದೇ. ಆದರೆ ಎರಡನೇ ತಂಡದ ಡೆಪ್ತ್ ಏಪ್ರಿಲ್ ಮೊದಲ ವಾರಕ್ಕೇ ಅರ್ಧ ಕರಗಿರುತ್ತೆ. ಫ್ಯಾನ್‌ಗ್ರಾಫ್ಸ್ ವೆಬ್‌ಸೈಟ್‌ನ ರೋಸ್ಟರ್‌ರಿಸೋರ್ಸ್ ಪುಟದಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಎಷ್ಟು ಆಪ್ಷನ್ ಉಳಿದಿದೆ ಅಂತ ಇರುತ್ತೆ. ಬ್ಯಾಟಿಂಗ್ ಸರಾಸರಿಗಿಂತ ಮೊದಲು ನಾನು ಅದನ್ನೇ ನೋಡ್ತೀನಿ.

ಮೈದಾನದಲ್ಲಿ ಮಧ್ಯದ ಗೆರೆ ಮಾತ್ರ ನೋಡಿದರೆ ಸಾಕು: ಕ್ಯಾಚರ್, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು), ಸೆಂಟರ್ ಫೀಲ್ಡ್. ಫಸ್ಟ್ ಬೇಸ್‌ಗೆ ಬದಲಿ ಎಲ್ಲಾದರೂ ಸಿಗ್ತಾನೆ. ಶಾರ್ಟ್‌ಸ್ಟಾಪ್‌ಗೆ ಜೂನ್‌ನಲ್ಲಿ ಹುಡುಕಿದರೆ ಸಿಗೋದಿಲ್ಲ. ಎರಡು ಮೂರು ಜಾಗ ಆಡಬಲ್ಲವನು ಇದ್ದರೆ ಅವನನ್ನು ಎರಡು ಸಲ ಎಣಿಸಿಕೊಳ್ಳಬಹುದು, ಆದರೆ ಒಂದೇ ದಿನ ಎರಡು ಕಡೆ ನಿಲ್ಲಿಸೋಕಾಗಲ್ಲ ಅನ್ನೋದು ನೆನಪಿರಲಿ. ಎಷ್ಟೋ ತಂಡಗಳು ಹೀಗೆ ಒಬ್ಬನನ್ನೇ ಮೂರು ಜಾಗಕ್ಕೆ ಬದಲಿ ಅಂತ ಬರೆದು ನೆಮ್ಮದಿಯಾಗಿರುತ್ತವೆ.

ಕೊನೆಯವನವರೆಗೂ ಯಾಕೆ ನೋಡಬೇಕು ಅಂತ ನಿಮಗೆ ಅನುಮಾನ ಇದ್ದರೆ, 2025ರ ವರ್ಲ್ಡ್ ಸೀರೀಸ್‌ನ ಮೂರನೇ ಆಟ. ಡಾಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್, 18 ಇನ್ನಿಂಗ್ಸ್, ಆರೂವರೆ ಗಂಟೆಗಿಂತ ಜಾಸ್ತಿ. ಡಾಜರ್ಸ್ ಬುಲ್‌ಪೆನ್‌ನಲ್ಲಿ ಕೊನೆಗೆ ಉಳಿದವನು ವಿಲ್ ಕ್ಲೈನ್. ಆ ಪ್ಲೇಆಫ್‌ನ ಹಿಂದಿನ ಸುತ್ತುಗಳಲ್ಲಿ ತಂಡದಲ್ಲೇ ಇರಲಿಲ್ಲ. ಅವನು ನಾಲ್ಕು ಇನ್ನಿಂಗ್ಸ್, 72 ಎಸೆತ, ಒಂದು ರನ್ನೂ ಕೊಡಲಿಲ್ಲ. ಎರಡು ದಿನದ ಹಿಂದಷ್ಟೇ ಪೂರ್ತಿ ಆಟ ಎಸೆದಿದ್ದ ಅವರ ಸ್ಟಾರ್ಟರ್ ಯಮಾಮೊಟೊ ಇನ್ನು ನಾನೇ ಹೋಗಬೇಕೇನೋ ಅಂತ ಕೈ ಬಿಸಿ ಮಾಡ್ತಾ ಇದ್ದ. ಆಗ ಡಾಜರ್ಸ್‌ನ ಫ್ರೆಡ್ಡಿ ಫ್ರೀಮನ್ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಮುಗಿಸಿದ. ಏಳನೇ ಆಟದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸೋಲುತ್ತಿದ್ದ ತಂಡವನ್ನು ಹೋಮ್ ರನ್‌ನಿಂದ ಸಮಕ್ಕೆ ತಂದವನೂ ಮಿಗೆಲ್ ರೋಹಸ್, ಬೆಂಚಿನ ಹಳೇ ಆಸಾಮಿ. ನಾನು ಟಿವಿ ಆಫ್ ಮಾಡಿ ಪಾತ್ರೆ ತೊಳೆಯೋಕೆ ಹೋದೆ.

ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್ನಿಗೆ ಮುಂಚಿನ ಅಭ್ಯಾಸದ ಆಟಗಳ ಫಲಿತಾಂಶಕ್ಕೆ ಬೆಲೆ ಕೊಡಬೇಡಿ. ಆದರೆ ಆರನೇ ಇನ್ನಿಂಗ್ಸ್ ಆದ ಮೇಲೆ ನೋಡಿ. ಹೆಸರಾಂತರೆಲ್ಲ ಸ್ನಾನ ಮಾಡಿ ಗಾಲ್ಫ್‌ಗೆ ಹೋಗಿರುತ್ತಾರೆ. ಬೆನ್ನ ಮೇಲೆ 78, 83, 91 ಅಂತ ನಂಬರ್ ಹಾಕಿಕೊಂಡ ಹುಡುಗರು ಬರ್ತಾರೆ. ಸೆಂಟರ್ ಫೀಲ್ಡ್‌ನಲ್ಲಿ ಯಾರು ನಿಂತರು, ಯಾರಿಗೆ ಎರಡು ಮೂರು ಇನ್ನಿಂಗ್ಸ್ ಎಸೆಯಲು ಕೊಟ್ಟರು ಅಂತ ಗಮನಿಸಿ. ತಂಡ ಯಾರನ್ನು ಆರನೆಯವನು ಅಂತ ಅಂದುಕೊಂಡಿದೆ ಅನ್ನೋದು ಅಲ್ಲಿ ಕಾಣುತ್ತೆ, ಪತ್ರಿಕಾಗೋಷ್ಠಿಯಲ್ಲಿ ಕಾಣೋದಿಲ್ಲ.

ಇಷ್ಟೆಲ್ಲ ಹೇಳುವ ನಾನೇ ಒಂದು ವರ್ಷ ಆಫೀಸಿನ ಫ್ಯಾಂಟಸಿ ಲೀಗ್‌ನಲ್ಲಿ ದೊಡ್ಡ ಹೆಸರಿನ ಐದು ಪಿಚರ್‌ಗಳನ್ನು ಹಿಡಿದು ಬೀಗಿದ್ದೆ. ಜೂನ್ ನಡುವೆ ಮೂವರು ಗಾಯದ ಲಿಸ್ಟ್‌ನಲ್ಲಿ. ಕೊನೆಯ ಸ್ಥಾನ ಬಂದವರು ಎಲ್ಲರಿಗೂ ಊಟ ಹಾಕಬೇಕಿತ್ತು. ಇಪ್ಪತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿದೆ.

ನಿಮ್ಮ ತಂಡ ಯಾವುದು ಅಂತ ಬರೀಲಿಲ್ಲ ನೀವು. ಹೇಳಿ, ಆರನೇ ಸ್ಟಾರ್ಟರ್ ಯಾರು ಅಂತ ಒಟ್ಟಿಗೆ ಹುಡುಕೋಣ. ಡಾಜರ್ಸ್ ಆಗಿದ್ದರೆ ಮಾತ್ರ ನೀವೇ ನೋಡಿಕೊಳ್ಳಿ.