ದಿತ್ ಯಾಕೆ ಊರಿಗೆ ವಾಪಸ್ ಹೋದ?

ಬಳ್ಳಾರಿಯ ಓದುಗರೊಬ್ಬರು ಬರೆದಿದ್ದಾರೆ: "ಯೇಸುವನ್ನು ನಂಬಿದ ಮೇಲೆ ಅಸ್ಪೃಶ್ಯನ ಬದುಕೇ ಬದಲಾಯಿತು ಅಂತ ಚರ್ಚಿನವರು ಹೇಳುತ್ತಾರೆ. ಬದಲಾಗೋದು ಹೆಸರು ಮಾತ್ರ ಅಲ್ವಾ? ಅದೂ ಹೊಟ್ಟೆಪಾಡಿಗೆ. ನೀವೇನಂತೀರಿ?"

ಸಂಪಾದಕರ ಉತ್ತರ:

ಹೊಟ್ಟೆಪಾಡಿಗೆ ಹೋದವರೂ ಇದ್ದಾರು, ಇಲ್ಲ ಅನ್ನಲ್ಲ. ಆದರೆ ದಿತ್ ಎಂಬುವನ ವಿಷಯ ಸ್ವಲ್ಪ ಕೇಳಿ.

ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಸೀಮೆಯವನು. ಚೂಹ್ರಾ ಜಾತಿ. ಕಸ ಗುಡಿಸೋದು, ಸತ್ತ ದನ ಸಾಗಿಸೋದು ಆ ಜಾತಿಯವರಿಗೆ ಅಂಟಿಸಿದ ಕೆಲಸ. ದಿತ್ ತೊಗಲು ಕೊಂಡು ಮಾರುತ್ತಿದ್ದ. ಕಾಲು ಕುಂಟು, ಓದು ಬರಹ ಇಲ್ಲ. 1873ರಲ್ಲಿ ನಟ್ಟು ಎಂಬ ಕ್ರೈಸ್ತ (ಬೇಸಾಯ ಮಾಡುವ ಜಾಟ ಜಾತಿಯವನು) ಅವನನ್ನು ಸಿಯಾಲ್‌ಕೋಟಿನಲ್ಲಿದ್ದ ಅಮೆರಿಕದ ಮಿಷನರಿ ಸ್ಯಾಮ್ಯುಯೆಲ್ ಮಾರ್ಟಿನ್ ಹತ್ತಿರ ಕರೆತಂದ. ನನಗೆ ದೀಕ್ಷಾಸ್ನಾನ ಕೊಡಿ, ಕ್ರೈಸ್ತನಾಗಬೇಕು ಅಂದ ದಿತ್. ಮಾರ್ಟಿನ್ ಹಿಂದೆಮುಂದೆ ನೋಡಿದರು, ಬೇಡ ಅನ್ನಲು ಕಾರಣ ಸಿಗದೆ ಕೊಟ್ಟರು. ಕೊಟ್ಟ ಮೇಲೆ ಅವನು ಊರಿಗೆ ಹೊರಟು ನಿಂತ! ಇಲ್ಲೇ ಇದ್ದು ಇನ್ನಷ್ಟು ಕಲಿ ಅಂದರೂ ಕೇಳಲಿಲ್ಲ.

ನಿಮ್ಮ ಹೊಟ್ಟೆಪಾಡಿನ ಲೆಕ್ಕ ತಾಳೆಯಾಗದಿರೋದು ಇಲ್ಲೇ. ಮಿಷನ್ನಿನ ನೆರಳಲ್ಲಿ ಉಳಿದಿದ್ದರೆ ಊಟಕ್ಕೆ ಏನೋ ಒಂದು ದಾರಿಯಾಗುತ್ತಿತ್ತು. ಊರಲ್ಲಿ ಸಿಕ್ಕಿದ್ದು ಬೈಗುಳ. ನಮ್ಮನ್ನು ಒಂದು ಮಾತು ಕೇಳದೆ ಮತ ಬಿಟ್ಟೆ, ಇನ್ನು ನಮ್ಮ ಜೊತೆ ಉಣ್ಣಬೇಡ ಅಂದರು ನೆಂಟರು. ಹೇಗೂ ಒಂದು ಕಾಲು ಮುರಿದಿದೆ, ಇನ್ನೊಂದೂ ಮುರಿಯಲಿ ಅಂತ ಶಾಪ ಬೇರೆ. ಊರೆಲ್ಲ ದೂರ ಇಟ್ಟಿದ್ದ ಜನವೇ ಇವನನ್ನು ದೂರ ಇಟ್ಟರು.

ದಿತ್ ಜಗಳ ಮಾಡಲಿಲ್ಲ, ಊರನ್ನೂ ಬಿಡಲಿಲ್ಲ. ತೊಗಲಿನ ವ್ಯಾಪಾರಕ್ಕೆ ಹೋದಲ್ಲೆಲ್ಲ ಯೇಸುವಿನ ವಿಷಯ ಮಾತಾಡಿದ. ಕೆಲವೇ ತಿಂಗಳಲ್ಲಿ ಹೆಂಡತಿ, ಮಗಳು, ಇಬ್ಬರು ನೆರೆಯವರನ್ನು ಕರೆದುಕೊಂಡು, ಅವರಿಗೂ ದೀಕ್ಷಾಸ್ನಾನ ಕೊಡಿಸೋದಕ್ಕೆ, ಸುಮಾರು 50 ಕಿ.ಮೀ. ನಡೆದು ಸಿಯಾಲ್‌ಕೋಟಿಗೆ ಬಂದ, ಆ ಕುಂಟು ಕಾಲಲ್ಲೇ. 1915ರ ಹೊತ್ತಿಗೆ ಆ ಜಿಲ್ಲೆಯ ಅವನ ಜಾತಿಯವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ರೈಸ್ತರಾಗಿದ್ದರು. ಮಿಷನರಿಗಳು ಇದನ್ನು ಎಣಿಸಿರಲೇ ಇಲ್ಲ, ದೊಡ್ಡ ಜಾತಿಯವರು ಬರಲಿ ಅಂತ ಕಾಯುತ್ತಿದ್ದರು.

ಕಸುಬು ಅದೇ, ಊರು ಅದೇ, ಬಡತನವೂ ಅದೇ. ಬೇರೆಯವರ ಅಪ್ಪಣೆ ಕೇಳಿಯೇ ಬದುಕಿದವನು, ತನ್ನ ಹತ್ತಿರವೂ ಇನ್ನೊಬ್ಬರಿಗೆ ಕೊಡುವಂಥದ್ದೊಂದು ಇದೆ ಅಂತ ನಂಬಿದ. ಬದಲಾವಣೆ ಅಂತ ನಾನು ಹೇಳೋದು ಅದನ್ನೇ.

ನಿಮ್ಮ ಅನುಮಾನದಲ್ಲಿ ಹುರುಳಿಲ್ಲ ಅಂತಲ್ಲ. ಪಾಕಿಸ್ತಾನದ ಕ್ರೈಸ್ತರಲ್ಲಿ ಜಾಸ್ತಿ ಜನ ಹೀಗೆ ಕ್ರೈಸ್ತರಾದ ಚೂಹ್ರಾಗಳದೇ ಸಂತತಿ, ಇವತ್ತಿಗೂ ಅಲ್ಲಿ ಚರಂಡಿಗೆ ಇಳಿಯೋರಲ್ಲಿ ಎಷ್ಟೋ ಜನ ಅವರೇ. ಹಳೇ ಜಾತಿಯ ಹೆಸರು ಹಿಡಿದು ಬೈಯೋದೂ ನಿಂತಿಲ್ಲ. ನಮ್ಮ ದೇಶದಲ್ಲಿ ರಾಷ್ಟ್ರಪತಿಯವರ 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಮೀಸಲಾತಿ ಸಿಗೋದಿಲ್ಲ. ಬರೀ ಹೊಟ್ಟೆಪಾಡೇ ಆಗಿದ್ದರೆ ಇದು ನಷ್ಟದ ವ್ಯಾಪಾರ ಅಲ್ವಾ?