ಭರತನಾಟ್ಯದ ಅಡವುಗಳಲ್ಲೇ (ಮೂಲ ಹೆಜ್ಜೆಗಳಲ್ಲೇ) ಮರೆವನ್ನು ತೋರಿಸುವುದು ಹೇಗೆ?

ಮರೆವಿಗೆ ಜಾರುತ್ತಿರುವ ಅಜ್ಜಿಯನ್ನು ಕುರಿತು ಹತ್ತು ನಿಮಿಷದ ಸಮಕಾಲೀನ ನೃತ್ಯ ಕಟ್ಟುತ್ತಿದ್ದೀರಿ, ಏನು ಮಾಡಿದರೂ ಪದಾಭಿನಯದ (ಹಾಡಿನ ಭಾವವನ್ನು ಮುಖ, ಕೈಗಳಲ್ಲಿ ತೋರಿಸುವ ನೃತ್ಯದ) ಹಾಗೆಯೇ ಕಾಣುತ್ತಿದೆ ಎಂದಿದ್ದೀರಿ. ನೆನಪಿನ ಕೆಲಸವನ್ನೆಲ್ಲ ಮುಖಕ್ಕೆ ವಹಿಸಿದ್ದರಿಂದ ಹೀಗಾಗುತ್ತದೆ. ನಾಟ್ಯಶಾಸ್ತ್ರದ 33 ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ಸ್ಮೃತಿಯೂ (ನೆನಪು) ಒಂದು. ತಲೆ ಅಲುಗಿಸಿ, ಹುಬ್ಬೇರಿಸಿ ಅದನ್ನು ಅಭಿನಯಿಸುತ್ತೇವೆ. ಆದರೆ ಅದು ನೆನೆಯುತ್ತಿರುವವಳ ಚಿತ್ರ ಮಾತ್ರ. ಮರೆವು ನೋಡುವವರಿಗೂ ತಟ್ಟಬೇಕಾದರೆ ಮೊದಲು ಅವರ ಕೈಗೆ ಒಂದು ನೆನಪನ್ನು ಕೊಡಿ, ಆಮೇಲೆ ಅದನ್ನು ಕಿತ್ತುಕೊಳ್ಳಿ.

ಒಂದು ಚಿಕ್ಕ ತೀರ್ಮಾನ, ಅಂದರೆ ನೃತ್ಯದ ತುಣುಕನ್ನು ಮುಗಿಸುವ ಹೆಜ್ಜೆಗಳ ಜೋಡಣೆ, ಆರಿಸಿಕೊಳ್ಳಿ. ‘ತ ದಿಂ ಗಿ ಣ ತೊಂ’ ಐದು ಅಕ್ಷರ, ಮೂರು ಸಲಕ್ಕೆ 15, ಕೊನೆಯಲ್ಲಿ ಒಂದು ಬಿಡುವು. ಒಟ್ಟು 16, ಅಂದರೆ ಚತುರಶ್ರ ನಡೆಯ (ಎಣಿಕೆಗೆ ನಾಲ್ಕು ಅಕ್ಷರದ) ಆದಿತಾಳದಲ್ಲಿ ಅರ್ಧ ಆವರ್ತ, ಎಂಟು ಎಣಿಕೆಯ ಒಂದು ಸುತ್ತಿನಲ್ಲಿ ನಾಲ್ಕು ಎಣಿಕೆ. ನಿಮಿಷಕ್ಕೆ 60 ಎಣಿಕೆಯ ಕಾಲಪ್ರಮಾಣದಲ್ಲಿ ಇದು 4 ಸೆಕೆಂಡು. ಏನನ್ನೂ ಬದಲಿಸದೆ ಆರು ಸಲ ಮಾಡಿ. ಪ್ರೇಕ್ಷಕರು ಮನಸ್ಸಿನಲ್ಲೇ ಜೊತೆಗೆ ಹೇಳಿಕೊಳ್ಳುವಂತಾಗಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಆಮೇಲೆ, ಈ ಮೂರು ಸಲಗಳಲ್ಲಿ ಎರಡನೆಯ ಸಾಲನ್ನು ‘ತ ದಿಂ – ಣ ತೊಂ’ ಮಾಡಿ, ಮೂರನೆಯದನ್ನು ‘ತ – – – ತೊಂ’. ಬಿಟ್ಟ ಅಕ್ಷರಗಳ ಕಾಲ ಹಾಗೆಯೇ ಉಳಿಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಜಾಗ ಮುಚ್ಚಿ ಐದು, ನಾಲ್ಕು, ಮೂರು ಎಂದು ಇಳಿಸುತ್ತಾರೆ. ಕೇಳಿ ಪಳಗಿದ ಕಿವಿಗೆ ಅದು ಗೋಪುಚ್ಛ ಯತಿ, ಹಸುವಿನ ಬಾಲದ ಹಾಗೆ ಕಿರಿದಾಗುತ್ತ ಹೋಗುವ ಒಂದು ಅಲಂಕಾರ. ಕಳೆದುಕೊಂಡದ್ದು ಎಂದು ಅನ್ನಿಸುವುದೇ ಇಲ್ಲ. ಸೊಲ್ಲುಕಟ್ಟನ್ನು (ಬಾಯಲ್ಲಿ ಹೇಳುವ ಈ ಅಕ್ಷರಗಳನ್ನು) ಧ್ವನಿಮುದ್ರಿಸಿ ಪೂರ್ತಿಯಾಗಿ ನುಡಿಸುತ್ತಿರಿ. ಧ್ವನಿ ಮುಂದುವರಿಯುತ್ತದೆ, ದೇಹ ತಡವರಿಸುತ್ತದೆ. ಮೊದಲು ದೃಷ್ಟಿ ಕಳಚಲಿ, ಆಮೇಲೆ ಹಸ್ತ, ಕಟ್ಟಕಡೆಗೆ ಹೆಜ್ಜೆ.

ಅಭಿನಯವನ್ನು ಪೂರ್ತಿ ಬಿಡಬೇಕಿಲ್ಲ. ಹೂ ಕೀಳುವ ಕಟಕಾಮುಖ ಹಸ್ತಮುದ್ರೆ ಒಂದೇ ಸಾಕು. ಸಂಚಾರಿಯಂತೆ, ಅಂದರೆ ಒಂದು ಭಾವವನ್ನು ವಿಸ್ತರಿಸಿ ಕಥೆಯಾಗಿಸುವಂತೆ, ಬೆಳೆಸಬೇಡಿ. ಗಿಡವೂ ಹೋಗಿ, ಹೂವೂ ಹೋಗಿ, ಹಿಡಿದ ಬೆರಳು ಮಾತ್ರ ಉಳಿಯಲಿ. ಹಿಂದಿನ ಪರದೆಯಲ್ಲಿ ಹಳೆಯ ಫೋಟೋಗಳು ದಯವಿಟ್ಟು ಬೇಡ, ಇಷ್ಟು ಕಷ್ಟಪಟ್ಟು ಕಳಚಿದ್ದನ್ನು ಅವು ಮರಳಿ ತಂದುಕೊಡುತ್ತವೆ.

ನೆಲದ ಚಲನೆ ಇದ್ದರೆ ಗೆಜ್ಜೆ ಬಿಚ್ಚಿ. ಕಣಕಾಲಿಗೆ ಒತ್ತುತ್ತದೆ, ಹೊರಳುವಾಗ ಬೇಡದ ಸದ್ದೂ ಬರುತ್ತದೆ. ಬಿಚ್ಚುವುದನ್ನೇ ರಂಗದ ಮೇಲೆ, ಆರನೆಯ ನಿಮಿಷದ ಹೊತ್ತಿಗೆ ಇಟ್ಟುಕೊಳ್ಳಬಹುದು. ನಂತರದ ಬರಿಗಾಲಿನ ತಟ್ಟು ಬೇರೆಯೇ ಕೇಳಿಸುತ್ತದೆ. ಅರೆಮಂಡಿಯಿಂದ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕುಳಿತ ನಿಲುವಿನಿಂದ) ನೇರವಾಗಿ ಮಂಡಿಯ ಮೇಲೆ ಬೀಳಬೇಡಿ. ದಣಿದಾಗ ಮಂಡಿ ಒಳಕ್ಕೆ ವಾಲುತ್ತದೆ, ಪಾದ ಮಾತ್ರ ಹೊರಮುಖವಾಗೇ ಇರುತ್ತದೆ, ತಿರುಚು ಪೂರ್ತಿ ಕೀಲಿನ ಮೇಲೆ ಬೀಳುತ್ತದೆ. ಪಾದಗಳನ್ನು ಮೊದಲು ಮುಂದಕ್ಕೆ ತಿರುಗಿಸಿ, ಒಂದು ಕೈ ಊರಿ, ತೊಡೆಯ ಪಕ್ಕದಿಂದ ಇಳಿಯಿರಿ. ಎರಡು ಎಣಿಕೆ ಹೆಚ್ಚು ಬೇಕಾಗುತ್ತದೆ, ತಾಳದಲ್ಲಿ ಅದನ್ನು ಈಗಲೇ ಸೇರಿಸಿಕೊಳ್ಳಿ.